ಬಣ್ಣ ಬಳಿದ ಕುಂಬಳ: ತರಗತಿಯಲ್ಲೊಂದು ಭಾಷಾ ಚಟುವಟಿಕೆ

ಆಯುಧಪೂಜೆ ಸಮೀಪಿಸುತ್ತಿದ್ದಂತೆ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಗಳ ಅಂಗಡಿ ಬೀದಿಗಳಲ್ಲಿ ಬೂದುಗುಂಬಳಗಳ ರಾಶಿ ಕಾಣಿಸಿಕೊಳ್ಳುತ್ತದೆ. ಕೆಲವು ಕಾಯಿಗಳ ಮೇಲೆ ಉಬ್ಬಿದ ಕಣ್ಣು, ಕೋರೆಹಲ್ಲು, ದಪ್ಪ ಮೀಸೆ, ಹೊರಚಾಚಿದ ಕೆಂಪು ನಾಲಗೆ ಬರೆದಿರುತ್ತದೆ. ಕಟ್ಟುತ್ತಿರುವ ಮನೆ, ಹೊಸ ಅಂಗಡಿ, ಕಾರ್ಖಾನೆಗಳ ಮುಂದೆ ಇವನ್ನು ದೃಷ್ಟಿ ತಾಗದಿರಲೆಂದು ತೂಗುಹಾಕುತ್ತಾರೆ. ಇದಾದ ಮೇಲೆ, ಅಕ್ಟೋಬರ್ 31ರಂದು, ಪಾಶ್ಚಾತ್ಯ ದೇಶಗಳಲ್ಲಿ ಹ್ಯಾಲೋವೀನ್ ಆಚರಣೆ ನಡೆಯುತ್ತದೆ. ಅಲ್ಲಿಯೂ ಮನೆಯ ಮುಂದೆ ಇರುವುದು ಮುಖ ಬರೆದ ಕುಂಬಳವೇ. ದೂರದರ್ಶನ, ಮೊಬೈಲುಗಳ ಮೂಲಕ ಮಕ್ಕಳು ಆ ಕುಂಬಳವನ್ನು ಬಲ್ಲರು. ಆದರೆ ತಮ್ಮ ಬೀದಿಯ ಕುಂಬಳದ ಹೆಸರನ್ನು ಕನ್ನಡದಲ್ಲಿ ಹೇಳಲು ಅನೇಕರು ತಡವರಿಸುತ್ತಾರೆ. ಈ ಸಂದರ್ಭವನ್ನು ಕನ್ನಡ ಶಿಕ್ಷಕರು ಪಾಠವಾಗಿಸಿಕೊಳ್ಳಬಹುದು.

ಎರಡು ಕಾಯಿ, ಎರಡು ಚರಿತ್ರೆ

ಬೂದುಗುಂಬಳವು ಏಷ್ಯಾದ ಬೆಳೆ. ಬಲಿತ ಕಾಯಿಯ ಮೇಲೆ ಬೂದಿಯಂತೆ ಕಾಣುವುದು ಒಂದು ಬಗೆಯ ಮೇಣ. ಅದು ಕಾಯಿಯ ತೇವಾಂಶವನ್ನು ಕಾಪಾಡುತ್ತದೆ. ಆದ್ದರಿಂದಲೇ ಒಡೆಯದ ಕಾಯಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಹಬ್ಬದಲ್ಲಿ ಇದನ್ನು ಒಡೆಯುವುದು ಪ್ರಾಣಿಬಲಿಗೆ ಬದಲಾಗಿ ಬಂದ ಪದ್ಧತಿ ಎಂಬ ವಿವರಣೆ ಪ್ರಚಲಿತವಾಗಿದೆ.

ಹ್ಯಾಲೋವೀನಿನ ಕಿತ್ತಳೆ ಬಣ್ಣದ ಕಾಯಿ ನಮ್ಮ ಸಿಹಿಗುಂಬಳದ ಬಳಗಕ್ಕೆ ಸೇರಿದ್ದು. ಅದರ ತವರು ಅಮೆರಿಕ ಖಂಡ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಜನರು ಮೊದಲು ಟರ್ನಿಪ್ ಗೆಡ್ಡೆಗಳನ್ನು ಕೊರೆದು ಮುಖ ಮಾಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ದೊರೆತ ದೊಡ್ಡ ಕುಂಬಳವನ್ನು ಬಳಸತೊಡಗಿದರು. ಕೊರೆದ ಕಾಯಿ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಅದಕ್ಕಾಗಿ ಈಗ ಅಲ್ಲಿಯೂ ಅನೇಕರು ಕೊರೆಯುವುದನ್ನು ಬಿಟ್ಟು ಬಣ್ಣ ಬಳಿಯುತ್ತಾರೆ. ಚೂರಿಯ ಅಪಾಯವೂ ಇದರಿಂದ ತಪ್ಪುತ್ತದೆ.

ಪದಗಳ ಪಾಠ

ಈ ಗಡಿ ಪ್ರದೇಶದ ತರಗತಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುತ್ತವೆ. ಒಂದು ಮಗು ‘ಪೂಸಣಿಕ್ಕಾಯ್’ ಎಂದರೆ, ಇನ್ನೊಂದು ‘ಗುಮ್ಮಡಿಕಾಯ’ ಎನ್ನುತ್ತದೆ. ಇದನ್ನು ತಪ್ಪೆಂದು ತಿದ್ದುವುದು ಬೇಡ. ಮೂರು ಪದಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು, ‘ಬೂದುಗುಂಬಳ’ವನ್ನು ಅವುಗಳ ನಡುವೆ ಇರಿಸಬೇಕು. ಬೂದು + ಕುಂಬಳ, ಸಿಹಿ + ಕುಂಬಳ ಎಂದು ಬಿಡಿಸಿದರೆ ಕಕಾರವು ಗಕಾರವಾಗುವ ಆದೇಶ ಸಂಧಿಗೆ ಕಣ್ಣೆದುರೇ ಉದಾಹರಣೆ ದೊರೆಯುತ್ತದೆ.

‘ಪರಂಗಿ’ ಎಂಬ ಪದವೂ ಕುತೂಹಲಕರ. ಕನ್ನಡದಲ್ಲಿ ಪರಂಗಿಹಣ್ಣು ಎಂದರೆ ಪಪ್ಪಾಯಿ. ತಮಿಳಿನಲ್ಲಿ ಪರಂಗಿಕ್ಕಾಯ್ ಎಂದರೆ ಸಿಹಿಗುಂಬಳ. ಪರಂಗಿಯವರು, ಅಂದರೆ ಐರೋಪ್ಯರು, ತಂದ ಬೆಳೆಗಳೆಂಬ ನೆನಪನ್ನು ಎರಡು ಭಾಷೆಗಳು ಎರಡು ಬೇರೆ ಕಾಯಿಗಳಲ್ಲಿ ಉಳಿಸಿಕೊಂಡಿವೆ.

ಗಾದೆಗಳನ್ನೂ ಹೀಗೆಯೇ ಹೋಲಿಸಬಹುದು. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ಕನ್ನಡದಲ್ಲಿರುವಂತೆ ತೆಲುಗಿನಲ್ಲಿಯೂ ಇದೆ. ಸೋರೆಕಾಯಿ ಕದ್ದವನು ಹೆಗಲನ್ನೇಕೆ ಮುಟ್ಟಿಕೊಳ್ಳುವುದಿಲ್ಲ? ಬೂದುಗುಂಬಳವನ್ನು ಹೊತ್ತವನ ಹೆಗಲಿಗೆ ಬಿಳಿಯ ಬೂದಿ ಅಂಟುತ್ತದೆ. ಕಳವಿಗೆ ಅದೇ ಸಾಕ್ಷಿ. ಕಾಯಿಯನ್ನು ಎಂದೂ ಮುಟ್ಟದ ಮಗು ಈ ಗಾದೆಯನ್ನು ಬಾಯಿಪಾಠ ಮಾಡಬಹುದು, ಅರ್ಥ ಮಾಡಿಕೊಳ್ಳಲಾರದು. ತಮಿಳಿನಲ್ಲಿ ಇಡೀ ಕುಂಬಳವನ್ನು ಅನ್ನದಲ್ಲಿ ಬಚ್ಚಿಡುವ ಮಾತಿದೆ. ಮುಚ್ಚಲಾಗದ ಸುಳ್ಳಿಗೆ ಅದು ಹೋಲಿಕೆ.

ಬಣ್ಣ ಬಳಿಯುವ ಕ್ರಮ

ತೊಟ್ಟು ಉಳಿದಿರುವ, ಗಾಯವಿಲ್ಲದ ಸಣ್ಣ ಕಾಯಿಯನ್ನು ಆರಿಸಬೇಕು. ಮೊದಲು ಪ್ರತಿ ಮಗುವೂ ಅದನ್ನು ಹೆಗಲ ಮೇಲಿಟ್ಟು, ಅಂಟಿದ ಬೂದಿಯನ್ನು ನೋಡಲಿ. ಮೇಣದ ಮೇಲೆ ನೀರುಬಣ್ಣ ನಿಲ್ಲುವುದಿಲ್ಲ. ಆದ್ದರಿಂದ ಮುಖ ಬರೆಯುವಷ್ಟು ಭಾಗವನ್ನು ಮಾತ್ರ ಒಣಬಟ್ಟೆಯಿಂದ ಒರೆಸಬೇಕು. ಉಳಿದ ಬೂದಿ ಕಾಯಿಯನ್ನು ಕಾಪಾಡುತ್ತದೆ.

ಬಣ್ಣಗಳನ್ನು ಅಡುಗೆಮನೆಯಿಂದಲೇ ಪಡೆಯಬಹುದು. ಬಿಳುಪಿಗೆ ಅಕ್ಕಿಹಿಟ್ಟು, ಕಪ್ಪಿಗೆ ಇದ್ದಿಲ ಪುಡಿ, ಹಳದಿಗೆ ಅರಿಸಿನ. ಇವನ್ನು ಗಟ್ಟಿ ಗಂಜಿಯಲ್ಲಿ ಕಲಸಿದರೆ ಅಂಟಿಕೊಳ್ಳುತ್ತವೆ. ಅರಿಸಿನಕ್ಕೆ ಅಡುಗೆ ಸೋಡಾದ ನೀರು ಸೇರಿಸಿದರೆ ಕೆಂಪುಗಂದು ಬಣ್ಣ ಬರುತ್ತದೆ; ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆಮ್ಲ, ಪ್ರತ್ಯಾಮ್ಲಗಳ ಪಾಠಕ್ಕೆ ಇಷ್ಟು ಸಾಕು. ಸುಣ್ಣದಿಂದ ಕೆಂಪು ಇನ್ನೂ ಗಾಢವಾಗುತ್ತದೆಯಾದರೂ ಸುಣ್ಣವು ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದು.

ಎಚ್ಚರಿಕೆಗಳು

ಗೋಡೆ, ಬಾಗಿಲುಗಳಿಗೆ ಬಳಿಯುವ ಬಣ್ಣವನ್ನು ಬಳಸಬಾರದು. ಭಾರತದಲ್ಲಿ 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮವಿದೆ. ಆದರೆ ಹಳೆಯ ಡಬ್ಬಿಗಳ ಭರವಸೆ ಇಲ್ಲ. ಅಂಗಡಿಯ ಬಣ್ಣ ಬಳಿದ ಕಾಯಿಯನ್ನು ಅಡುಗೆಗಾಗಲಿ ದನಗಳ ಮೇವಿಗಾಗಲಿ ಬಳಸಬಾರದು. ಅಡುಗೆಮನೆಯ ಬಣ್ಣವನ್ನಷ್ಟೇ ಬಳಿದಿದ್ದರೆ, ಒಂದೆರಡು ದಿನಗಳಲ್ಲಿ ತೊಳೆದು, ಸಿಪ್ಪೆಯನ್ನು ದಪ್ಪವಾಗಿ ಹೆರೆದು ಮಜ್ಜಿಗೆಹುಳಿಗೋ ಸಾಂಬಾರಿಗೋ ಬಳಸಬಹುದು. ಬೀಜಗಳನ್ನು ಶಾಲೆಯ ಕೈತೋಟದಲ್ಲಿ ಬಿತ್ತಬಹುದು.

ರಸ್ತೆಯಲ್ಲಿ ಒಡೆದ ಕುಂಬಳದ ಹೋಳಿನ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುವ ಸಂಗತಿಯನ್ನೂ ಮಕ್ಕಳೊಡನೆ ಚರ್ಚಿಸಬೇಕು. ಒಡೆಯುವವರು ರಸ್ತೆಯ ಅಂಚಿನಲ್ಲಿ ಒಡೆದು, ಹೋಳುಗಳನ್ನು ಆಯ್ದು ತೆಗೆಯಬೇಕೆಂಬ ಮಾತನ್ನು ಮಕ್ಕಳೇ ಭಿತ್ತಿಪತ್ರವಾಗಿ ಬರೆಯಲಿ.

ದೃಷ್ಟಿಯ ನಂಬಿಕೆಯನ್ನು ತರಗತಿಯಲ್ಲಿ ಬೋಧಿಸುವ ಅಗತ್ಯವಿಲ್ಲ, ಅಪಹಾಸ್ಯ ಮಾಡುವ ಅಗತ್ಯವೂ ಇಲ್ಲ. ಒಂದೇ ತರಗತಿಯಲ್ಲಿ ಬೇರೆ ಬೇರೆ ಮತದ ಮನೆಗಳ ಮಕ್ಕಳಿರುತ್ತಾರೆ. ಯಾರಿಗೆ ಯಾವ ಮುಖ ಬೇಕೋ ಅದನ್ನು ಬರೆಯಲಿ: ರಾಕ್ಷಸ, ಅಜ್ಜಿ, ಹುಲಿ ಅಥವಾ ನಗುವ ಮಗು. ಬರೆದ ಮೇಲೆ ತನ್ನ ಕುಂಬಳದ ಬಗ್ಗೆ ಐದು ವಾಕ್ಯಗಳನ್ನು ಕನ್ನಡದಲ್ಲಿ ಹೇಳಲಿ.

ಶಾಲೆಯ ಹೊರಗೆ ಕನ್ನಡ ಕಿವಿಗೆ ಬೀಳುವ ಅವಕಾಶ ಕಡಿಮೆಯಿರುವ ಊರುಗಳಲ್ಲಿ, ಮಗು ಮನೆಗೆ ಹೋಗಿ ‘ಬೂದುಗುಂಬಳ’ ಎಂಬ ಪದವನ್ನು ತಾಯಿಯ ಮುಂದೆ ಹೇಳಿ, ಗಾದೆಯ ಅರ್ಥವನ್ನು ತಾನೇ ವಿವರಿಸಿದರೆ ಈ ಚಟುವಟಿಕೆಯ ಉದ್ದೇಶ ಈಡೇರಿದಂತೆ.