ಸಿಕ್ಸ್ ಪ್ಯಾಕ್ ಇದ್ದರೆ ಸಾಲದು, ಈಜು ಬರಬೇಕು!

ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಪುಟ ತಿರುವುತ್ತಿರುವ ತಮ್ಮಂದಿರೇ, ನಿಮಗೊಂದು ಪ್ರಶ್ನೆ. ನಾಯಕ ಅಂಗಿ ಕಳಚಿದ ಕೂಡಲೇ ಶಿಳ್ಳೆ ಹೊಡೀತೀರಿ. ಅಂಥದೇ ಮೈಕಟ್ಟು ಬೇಕು ಅಂತ ಜಿಮ್‌ಗೆ ದುಡ್ಡು ಕಟ್ಟುತ್ತೀರಿ. ಒಳ್ಳೇದೇ! ಆದರೆ ಆ ಮೈ ನೀರಿಗೆ ಬಿದ್ದರೆ ಏನಾಗುತ್ತೆ ಗೊತ್ತೇ?

ಕೊಬ್ಬು ನೀರಿಗಿಂತ ಹಗುರ. ಸ್ನಾಯು ನೀರಿಗಿಂತ ಭಾರ. ಕೊಬ್ಬು ಕರಗಿಸಿ ಕಟ್ಟಿದ ಮೈ ಬೇಗ ಮುಳುಗುತ್ತೆ. ಅದನ್ನು ತೇಲಿಸೋದು ತೋಳಿನ ಬಲ ಅಲ್ಲ, ಉಸಿರಿನ ಹದ.

ಮರೆಯಬಾರದ ದಿನ

2016ರ ನವೆಂಬರ್ 7. ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣ. ಖಳನಟರಾದ ಅನಿಲ್, ಉದಯ್ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ಜೊತೆಗೆ ಹಾರಿದ ನಾಯಕ ದುನಿಯಾ ವಿಜಯ್ ಬದುಕಿ ಬಂದರು. ಇವರಿಬ್ಬರು ಬರಲಿಲ್ಲ. ಕಬ್ಬಿಣದಂಥ ಮೈ ಇಬ್ಬರದೂ! ತಮಗೆ ಈಜು ಸರಿಯಾಗಿ ಬಾರದು ಅಂತ ಹಾರುವ ಮುಂಚೆ ಅವರೇ ಟಿವಿಯವರ ಮುಂದೆ ಹೇಳಿದ್ದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ.

ಈ ಸುದ್ದಿ ನೆನಪಾದಾಗಲೆಲ್ಲ ನನಗೆ ಸಾಣಾಪುರ ಕಣ್ಣಮುಂದೆ ಬರುತ್ತೆ.

ಸಾಣಾಪುರದ ಬಂಡೆ

ಹಂಪಿಯಿಂದ ಹೊಳೆಯಾಚೆ, ಆನೆಗೊಂದಿ ದಾಟಿದರೆ ಸಾಣಾಪುರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಕೆರೆ, ಸುತ್ತ ಗುಡ್ಡ, ಬಂಡೆ, ಹರಿಗೋಲು. ಸಿನಿಮಾ ಸೆಟ್ ಹಾಕಿದ ಹಾಗಿದೆ! ಅಲ್ಲಿ ನಾನು ಕಂಡದ್ದು, ಒಬ್ಬ ಬಂಡೆ ಏರೋದು, ಇನ್ನೊಬ್ಬ ಮೊಬೈಲ್ ಹಿಡಿಯೋದು, “ಜಿಗಿಯೋ ಲೇ, ಹೀರೋ ಹಂಗ ಜಿಗಿ!” ಅಂತ ಕೂಗು.

ನೀರಿನ ಕೆಳಗೂ ಬಂಡೆಗಳಿವೆ ತಮ್ಮಾ. ಹೊಳೆಯಲ್ಲಿ ಸೆಳವಿದೆ, ಮೊಸಳೆಯೂ ಇದೆ. 2025ರ ಫೆಬ್ರವರಿಯಲ್ಲಿ ಇದೇ ಸಾಣಾಪುರದ ಹತ್ತಿರ ಬಂಡೆಯಿಂದ ಹೊಳೆಗೆ ಜಿಗಿದ ಯುವ ಪ್ರವಾಸಿಯೊಬ್ಬರು ತೇಲಿಹೋಗಿ ಪ್ರಾಣ ಬಿಟ್ಟರು. ಜಿಗಿತ ಎರಡು ಸೆಕೆಂಡಿನ ಆಟ. ಅದು ವ್ಯಾಯಾಮ ಅಲ್ಲ.

ಟಾರ್ಜಾನ್ ಗುಟ್ಟು

ಹಾಗಾದರೆ ವ್ಯಾಯಾಮ ಯಾವುದು? ಜಾನಿ ವೈಸ್‌ಮುಲ್ಲರನ್ನು ಕೇಳಬೇಕಿತ್ತು! 1932ರಲ್ಲಿ ತೆರೆಯ ಮೇಲೆ ಟಾರ್ಜಾನ್ ಆಗಿ ಜಗತ್ತನ್ನೇ ಗೆದ್ದ ಆಸಾಮಿ. ಅದಕ್ಕೂ ಮುಂಚೆ, 1922ರಲ್ಲಿ, 100 ಮೀಟರನ್ನು ಒಂದು ನಿಮಿಷದೊಳಗೆ ಈಜಿದ ಮೊದಲಿಗ. 1924 ಮತ್ತು 1928ರ ಒಲಿಂಪಿಕ್ಸ್‌ನಲ್ಲಿ ಈಜಿಗೆ ಐದು ಚಿನ್ನ. ಆ ಅಗಲವಾದ ಹೆಗಲು, ಸಣ್ಣ ನಡು ನೀರೇ ಕೊಟ್ಟ ಬಳುವಳಿ.

ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಕೈ ಬೀಸಿದರೂ ತಳ್ಳಬೇಕು, ಕಾಲು ಬಡಿದರೂ ತಳ್ಳಬೇಕು. ಹೆಗಲು, ಬೆನ್ನು, ಹೊಟ್ಟೆ, ತೊಡೆ ಎಲ್ಲಕ್ಕೂ ಒಟ್ಟಿಗೇ ಕೆಲಸ. ಆದರೂ ಮಂಡಿಗೆ ಪೆಟ್ಟಿಲ್ಲ. ಕತ್ತಿನವರೆಗೆ ನೀರಲ್ಲಿ ನಿಂತರೆ ಕಾಲಿನ ಮೇಲೆ ಬೀಳೋದು ಮೈತೂಕದ ಹತ್ತರಲ್ಲಿ ಒಂದು ಪಾಲಷ್ಟೆ! ಎಲ್ಲಕ್ಕಿಂತ ಹೆಚ್ಚಿನ ಲಾಭ ಎದೆಗೂಡಿಗೆ, ದಮ್ಮಿಗೆ.

ಹೀಗೆ ಶುರು ಮಾಡಿ

ಕಾವಲುಗಾರ, ಕಲಿಸುವವರು ಇರುವ ಈಜುಕೊಳಕ್ಕೆ ಹೋಗಿ. ಹಳ್ಳಿಯಲ್ಲಿ ಹಿಂದೆ ಬೆನ್ನಿಗೆ ಡಬ್ಬ ಕಟ್ಟಿ, ಹಗ್ಗ ಹಿಡಿದು ಬಾವಿಗೆ ಇಳಿಸುತ್ತಿದ್ದರು. ಹಗ್ಗ ಹಿಡಿದವನು ಬಲ್ಲವನಾಗಿರುತ್ತಿದ್ದ, ಅದು ಮುಖ್ಯ.

ಮೊದಲ ಪಾಠ ಕೈಕಾಲಿನದಲ್ಲ, ಉಸಿರಿನದು. ಮುಖ ಮುಳುಗಿಸಿ ನೀರೊಳಗೆ ನಿಧಾನವಾಗಿ ಉಸಿರು ಬಿಡಿ, ಮುಖ ಎತ್ತಿ ಎಳೆದುಕೊಳ್ಳಿ. ಆಮೇಲೆ ಅಂಗಾತ ತೇಲೋದು. ಆಮೇಲೆ ಅಂಚು ಹಿಡಿದು ಕಾಲು ಬಡಿಯೋದು. ಕೈ ಬೀಸೋದು ಕೊನೆಗೆ. ಕಲಿತ ಮೇಲೆ ವಾರಕ್ಕೆ ಮೂರು ದಿನ ಬನ್ನಿ. 25 ಮೀಟರ್ ಈಜಿ, ದಮ್ಮು ಇಳಿಯುವವರೆಗೆ ನಿಲ್ಲಿ, ಮತ್ತೆ ಈಜಿ. ನಾಲ್ಕು ಸುತ್ತಿನಿಂದ ಶುರುಮಾಡಿ ಅರ್ಧ ಗಂಟೆಗೆ ಬನ್ನಿ. ಒಬ್ಬರೇ ಇಳಿಯಬೇಡಿ. ಕುಡಿದಂತೂ ಬೇಡವೇ ಬೇಡ. ಮೂರ್ಛೆ ರೋಗ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಸಾಣಾಪುರಕ್ಕೆ ಖಂಡಿತ ಹೋಗಿ. ಲೈಫ್ ಜಾಕೆಟ್ ತೊಟ್ಟು ಹರಿಗೋಲಲ್ಲಿ ಕೂತು ಸುತ್ತಿ, ಫೋಟೋ ಹೊಡೆಸಿಕೊಳ್ಳಿ. ಬಂಡೆ ಮಾತ್ರ ಏರಬೇಡಿ. ತೆರೆಯ ನಾಯಕನಿಗೆ ಎರಡನೇ ಟೇಕ್ ಉಂಟು, ನಿಮಗಿಲ್ಲ!