ನೆಲ ಅಗೆಯದೆ ಪೈಪ್‌ನ ತುಕ್ಕು ಪತ್ತೆ: ಧ್ವನಿಗೆ ದಾರಿ ತೋರುವ 'ಮೆಟಾಮೆಟೀರಿಯಲ್' ಎಂದರೇನು?

2014ರ ಜೂನ್ 27ರ ಬೆಳಗಿನ ಜಾವ ಆಂಧ್ರಪ್ರದೇಶದ ನಗರಂ ಗ್ರಾಮದಲ್ಲಿ ಅನಿಲ ಕೊಳವೆ ಮಾರ್ಗ ಸ್ಫೋಟಗೊಂಡು 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ತುಕ್ಕು ಹಿಡಿದು ಸವೆದ ಪೈಪ್‌ನಿಂದ ಅನಿಲ ಸೋರಿದ್ದೇ ಕಾರಣ ಎಂಬುದು ಬಳಿಕ ತನಿಖೆಯಲ್ಲಿ ಕಂಡುಬಂತು. ಮಣ್ಣಿನಡಿಯ ಉಕ್ಕಿನ ಪೈಪ್ ಎಲ್ಲಿ ಸವೆದಿದೆ ಎಂಬುದನ್ನು ಸೋರಿಕೆಗೆ ಮೊದಲೇ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ವಿಜ್ಞಾನಿಗಳು ಹುಡುಕುತ್ತಿರುವ ಉತ್ತರಗಳಲ್ಲಿ ಒಂದು, ಅಲ್ಟ್ರಾಸೌಂಡ್ ಅಲೆಗಳನ್ನು ಬೇಕಾದ ಕಡೆಗೆ ತಿರುಗಿಸುವ 'ಮೆಟಾಮೆಟೀರಿಯಲ್'.

ಈಗ ಪರೀಕ್ಷೆ ಹೇಗೆ ನಡೆಯುತ್ತದೆ?

ದೊಡ್ಡ ಕೊಳವೆ ಮಾರ್ಗಗಳ ಒಳಗೆ 'ಪಿಗ್' ಎಂಬ ಯಂತ್ರವನ್ನು ಹರಿಬಿಟ್ಟು ಗೋಡೆಯನ್ನು ತಪಾಸಣೆ ಮಾಡಲಾಗುತ್ತದೆ. ಆದರೆ ಕಡಿದಾದ ತಿರುವುಗಳಿರುವ ಅಥವಾ ನಡುವೆ ಅಳತೆ ಬದಲಾಗುವ ಪೈಪ್‌ಗಳಲ್ಲಿ ಅದು ಸಾಗದು. ಅಂಥ ಕಡೆ 1990ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಳೆದ ವಿಧಾನ ನೆರವಿಗೆ ಬರುತ್ತದೆ. ಪೈಪ್‌ನ ಒಂದು ಕಡೆ ಮಾತ್ರ ಮಣ್ಣು ಅಥವಾ ಹೊದಿಕೆ ತೆಗೆದು, ಸುತ್ತಲೂ ಸೆನ್ಸರ್‌ಗಳ ಪಟ್ಟಿ ಕಟ್ಟುತ್ತಾರೆ. ಅಲ್ಲಿಂದ ಹೊರಟ ಅಲೆ ಪೈಪ್‌ನ ಗೋಡೆಯಲ್ಲೇ ಹತ್ತಾರು ಮೀಟರ್ ಸಾಗುತ್ತದೆ. ದಾರಿಯಲ್ಲಿ ಲೋಹ ಸವೆದಿದ್ದರೆ ಪ್ರತಿಧ್ವನಿ ಮರಳುತ್ತದೆ. ಅದು ಬರಲು ತೆಗೆದುಕೊಂಡ ಸಮಯವೇ ದೂರವನ್ನು ಹೇಳುತ್ತದೆ.

ಕೊರತೆ ಎಲ್ಲಿದೆ?

ದೂರ ಸಾಗಬೇಕಾದರೆ ಅಲೆಯ ಕಂಪನಾಂಕ ಕಡಿಮೆ ಇರಬೇಕು. ಈ ಪರೀಕ್ಷೆಯಲ್ಲಿ ಬಳಸುವ ತಿರುಚು ಅಲೆ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 3,200 ಮೀಟರ್ ಸಾಗುತ್ತದೆ. 32 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಅದರ ತರಂಗಾಂತರವೇ ಸುಮಾರು 10 ಸೆಂಟಿಮೀಟರ್. ಜೊತೆಗೆ ಶಕ್ತಿ ಪೈಪ್‌ನ ಇಡೀ ಸುತ್ತಳತೆಗೆ ಹಂಚಿಹೋಗುತ್ತದೆ. ಹೀಗಾಗಿ ಅಗಲವಾಗಿ ಹರಡಿದ ತುಕ್ಕು ಸಿಗುತ್ತದೆ, ಆದರೆ ಕಿರಿದಾಗಿ ಆಳಕ್ಕೆ ಇಳಿದ ಗುಳಿ ತಪ್ಪಿಹೋಗಬಹುದು. ಗೋಡೆ ತೂತಾಗಿ ಸೋರುವುದು ಅನೇಕ ಸಲ ಇಂಥ ಗುಳಿಯಿಂದಲೇ.

ಮೆಟಾಮೆಟೀರಿಯಲ್ ಏನು ಮಾಡುತ್ತದೆ?

ಇದು ಹೊಸ ಲೋಹವಲ್ಲ. ಮಾಮೂಲಿ ಲೋಹ ಅಥವಾ ಪ್ಲಾಸ್ಟಿಕ್‌ನಲ್ಲೇ ತರಂಗಾಂತರಕ್ಕಿಂತ ಚಿಕ್ಕದಾದ ಕಂಬ, ರಂಧ್ರಗಳನ್ನು ಲೆಕ್ಕಾಚಾರದಿಂದ ಜೋಡಿಸಿದ ರಚನೆ. ಅಲೆಯನ್ನು ತಿರುಗಿಸುವುದು ವಸ್ತುವಿಗಿಂತ ಹೆಚ್ಚಾಗಿ ಆ ಜೋಡಣೆ. 2000ರಲ್ಲಿ ಹಾಂಗ್‌ಕಾಂಗ್‌ನ ವಿಜ್ಞಾನಿಗಳು ಸೀಸದ ಗುಂಡುಗಳಿಗೆ ಸಿಲಿಕೋನ್ ರಬ್ಬರ್ ಹೊದಿಸಿ, ಧ್ವನಿ ತಡೆಯುವ ಇಂಥ ರಚನೆಯೊಂದನ್ನು ಮಾಡಿ ತೋರಿಸಿದ್ದರು.

ಪೈಪ್‌ನಲ್ಲಿ ಇದು ಮಸೂರದಂತೆ ಕೆಲಸ ಮಾಡುತ್ತದೆ. ಕೈಕೈ ಹಿಡಿದು ಸಾಲಾಗಿ ನಡೆಯುವವರನ್ನು ನೆನೆಸಿಕೊಳ್ಳಿ. ನಡುವಿನವರು ನಿಧಾನವಾಗಿ, ತುದಿಯವರು ಬೇಗ ನಡೆದರೆ ಸಾಲು ಬಿಲ್ಲಿನಂತೆ ಬಾಗಿ, ಎಲ್ಲರೂ ಮುಂದೆ ಒಂದೆಡೆ ಸೇರುತ್ತಾರೆ. ಹಾಗೆಯೇ ಪೈಪ್‌ನ ಹೊರಮೈಗೆ ಅಂಟಿಸಿದ ರಚನೆಯ ಅಳತೆಯನ್ನು ಹಂತಹಂತವಾಗಿ ಬದಲಿಸಿ, ನಡುವೆ ಅಲೆಯ ವೇಗ ತಗ್ಗಿಸಿದರೆ, ಚದುರಬೇಕಿದ್ದ ಶಕ್ತಿ ಒಂದೇ ಜಾಗದಲ್ಲಿ ಕೂಡುತ್ತದೆ. ಅಲ್ಲಿರುವ ಚಿಕ್ಕ ಗುಳಿಯಿಂದಲೂ ಗಟ್ಟಿ ಪ್ರತಿಧ್ವನಿ ಬರುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪೈಪ್‌ಗೆ ಹೊಂದುವ ಇಂಥ ಮಸೂರವನ್ನು ವಿವರಿಸಿದ್ದಾರೆ.

ಅನೇಕ ಸೆನ್ಸರ್‌ಗಳನ್ನು ಬೇರೆ ಬೇರೆ ಕ್ಷಣಕ್ಕೆ ಮಿಡಿಸಿಯೂ ಅಲೆಯನ್ನು ಒಂದೆಡೆ ಸೇರಿಸಬಹುದು. ಆದರೆ ಅದಕ್ಕೆ ದುಬಾರಿ ಎಲೆಕ್ಟ್ರಾನಿಕ್ಸ್ ಬೇಕು. ಮೆಟಾಮೆಟೀರಿಯಲ್ ಮಸೂರಕ್ಕೆ ವಿದ್ಯುತ್ತೇ ಬೇಡ.

ಭಾರತದಲ್ಲಿ ಏನಾಗಿದೆ?

ಚೆನ್ನೈನ ಐಐಟಿ ಮದ್ರಾಸ್ ಈ ಕ್ಷೇತ್ರದಲ್ಲಿ ಗುರುತಿಸಿಕೊಂಡಿದೆ. ಸಾಲು ರಂಧ್ರಗಳಿರುವ ಮಸೂರ ಬಳಸಿ, ಲೋಹದೊಳಗೆ ತರಂಗಾಂತರಕ್ಕಿಂತ ಕಿರಿದಾದ ಅಂತರದಲ್ಲಿರುವ ದೋಷಗಳನ್ನು ಬೇರೆಬೇರೆಯಾಗಿ ಕಾಣುವ ಪ್ರಯೋಗವನ್ನು ಅಲ್ಲಿನ ತಂಡ 2016ರಲ್ಲಿ ಪ್ರಕಟಿಸಿತು. ಅದು ಪೈಪ್ ಪರೀಕ್ಷೆಯಲ್ಲ, ಆದರೂ ಮೂಲ ತತ್ವ ಇದೇ ಬಗೆಯದು.

ಸವಾಲುಗಳೇನು?

ಒಂದು ಮಸೂರ ಒಂದು ಮಿತಿಯ ಕಂಪನಾಂಕಕ್ಕೆ ಮಾತ್ರ ಹೊಂದುತ್ತದೆ. ಅಲೆ ಸೇರುವ ಜಾಗವನ್ನು ಬದಲಿಸಬೇಕಾದರೆ ಮಸೂರವನ್ನೇ ಸರಿಸಬೇಕು ಅಥವಾ ಬದಲಿಸಬೇಕು. ಅಂಟು ಸಡಿಲವಾದರೆ ಫಲಿತಾಂಶ ಕೆಡುತ್ತದೆ. ಬೆಸುಗೆ, ತಿರುವು, ಟಾರ್ ಲೇಪನ, ಒದ್ದೆ ಮಣ್ಣು ಇವೆಲ್ಲ ಅಲೆಯನ್ನು ಚದುರಿಸುತ್ತವೆ ಇಲ್ಲವೇ ಹೀರುತ್ತವೆ. ಪ್ರಯೋಗಾಲಯದ ಶುಭ್ರ ಪೈಪ್‌ನಲ್ಲಿ ಗೆದ್ದದ್ದು ಹೊಲದಡಿಯ ಹಳೆಯ ಪೈಪ್‌ನಲ್ಲೂ ಗೆಲ್ಲಬೇಕು.

ಇನ್ನೊಂದು ಮಾತು: ಎಷ್ಟೇ ಸೂಕ್ಷ್ಮ ಉಪಕರಣವಾದರೂ ತೋರಿಸುವುದು ದೋಷವನ್ನಷ್ಟೇ. ಸವೆದ ಪೈಪ್ ಅನ್ನು ಸಕಾಲಕ್ಕೆ ಬದಲಿಸಿದರೆ ಮಾತ್ರ ಅದರ ಮೇಲಿನ ಊರು ಸುರಕ್ಷಿತ.