ಹೊಳೆ ಬದಿಯ ಸೈಕಲ್ ದಾರಿ

ಲಿವರ್‌ಮೋರ್‌ಗೆ ಹೋಗಿ ಬಂದೆವೆಂದು ಹೇಳಿದ ಕೂಡಲೇ ಸಂಘದ ಗೆಳೆಯರು ಕೇಳುವ ಮೊದಲ ಪ್ರಶ್ನೆ, "ಶಿವ-ವಿಷ್ಣು ದೇವಸ್ಥಾನ ನೋಡಿದ್ರಾ?" ನೋಡಿದೆವು. ಒಂದೇ ಆವರಣದಲ್ಲಿ ದಕ್ಷಿಣದ ಗೋಪುರವನ್ನೂ ಉತ್ತರದ ಶಿಖರವನ್ನೂ ಕಂಡು ಕೈಮುಗಿದೆವು. 1901ರಿಂದ ಉರಿಯುತ್ತಿದೆ ಎನ್ನುವ, ಅಲ್ಲಿನ ಅಗ್ನಿಶಾಮಕ ಠಾಣೆಯ ಬಲ್ಬನ್ನೂ ನೋಡಿ ಬಂದೆವು. ಆದರೆ ಈ ವರ್ಷದ ಸಂಚಿಕೆಗೆ ನಾವು ಬರೆಯಲು ಹೊರಟದ್ದು ಬೇರೆ ವಿಷಯ. ಸೈಕಲ್.

ನಾವೆಂದರೆ ಗಂಡ ಹೆಂಡತಿ ಇಬ್ಬರು. ಊರು ಬ್ರಹ್ಮಾವರದ ಹತ್ತಿರ. ನಮ್ಮಲ್ಲಿ ಒಬ್ಬರಿಗೆ ಸೈಕಲ್ ಬರುತ್ತಿತ್ತು, ಆದರೆ ಬಿಟ್ಟು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಇನ್ನೊಬ್ಬರಿಗೆ ಬರುತ್ತಲೇ ಇರಲಿಲ್ಲ. ಮನೆಯಲ್ಲಿದ್ದ ಒಂದು ಸೈಕಲ್ ಅಣ್ಣನದ್ದು. ಅವನು ಶಾಲೆಗೆ ಅದರಲ್ಲಿ ಹೋದರೆ ತಂಗಿ ನಡೆದು ಹೋಗಬೇಕು, ಆಗಿನ ಲೆಕ್ಕ ಹಾಗಿತ್ತು. 2006-07ರಲ್ಲಿ ಸರಕಾರ ಶಾಲಾ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ, ಯೂನಿಫಾರಂ ಹಾಕಿದ ಹುಡುಗಿಯರು ಸಾಲಾಗಿ ಬೆಲ್ ಹೊಡೆದುಕೊಂಡು ಹೋಗುವುದನ್ನು ನೋಡುತ್ತಾ ಅಂಗಳದಲ್ಲಿ ನಿಂತದ್ದು ಇನ್ನೂ ನೆನಪಿದೆ.

ಗಂಡನ ಕತೆ ಬೇರೆ. 1996ರಲ್ಲಿ ಗಲ್ಫ್‌ಗೆ ಬಂದಾಗ ಕ್ಯಾಂಪಿನಿಂದ ಕೆಲಸದ ಜಾಗಕ್ಕೆ ಹೋಗಲು, ಊರಿಗೆ ಹೊರಟಿದ್ದ ಒಬ್ಬರಿಂದ ಹಳೆಯ ಸೈಕಲ್ ಕೊಂಡದ್ದು. ರಾತ್ರಿ ಪಾಳಿ ಮುಗಿಸಿ ಹೈವೇಯ ಅಂಚಿನಲ್ಲಿ ತುಳಿಯುವಾಗ ಟ್ರೇಲರ್ ದಾಟಿದರೆ ಗಾಳಿಯ ಹೊಡೆತಕ್ಕೇ ಹ್ಯಾಂಡಲ್ ಅಲುಗುತ್ತಿತ್ತು. ಒಂದು ರಾತ್ರಿ ಜೊತೆಗಿದ್ದ ರೂಂಮೇಟ್‌ಗೆ ಹಿಂದಿನಿಂದ ಪಿಕಪ್ ಬಡಿಯಿತು. ಜೀವ ಉಳಿಯಿತು. ಕಾಲಿಗೆ ರಾಡ್ ಹಾಕಿಸಿಕೊಂಡು ಊರಿಗೆ ಹೋದವನು ಮತ್ತೆ ಬರಲಿಲ್ಲ. ಆ ವಾರವೇ ಸೈಕಲ್ ಮಾರಿದ್ದು. ಈ ಪುಟ ಓದುವವರಲ್ಲಿ ಎಷ್ಟೋ ಜನರಿಗೆ ಇಂಥದ್ದೇ ಒಂದು ರಾತ್ರಿ ನೆನಪಿದ್ದೀತು.

ಹಾಗಾಗಿ ಮಗ ಲಿವರ್‌ಮೋರ್‌ನಲ್ಲಿ ಒಂದು ಬೆಳಿಗ್ಗೆ ಕಾರಿನ ಹಿಂದೆ ಸೈಕಲ್‌ಗಳನ್ನು ಕಟ್ಟಿದಾಗ ನಮ್ಮಿಬ್ಬರಿಗೂ ಉತ್ಸಾಹ ಬರಲಿಲ್ಲ. "ರೋಡಲ್ಲಿ ಅಲ್ಲ ಅಪ್ಪಯ್ಯ, ಅಲ್ಲಿ ಕಾರೇ ಇಲ್ಲ" ಎಂದ. ನಂಬಲಿಲ್ಲ. ಅಮೆರಿಕದಲ್ಲಿ ಕಾರಿಲ್ಲದ ಜಾಗ ಎಲ್ಲಿ?

ಊರಿನ ದಕ್ಷಿಣ ಅಂಚಿಗೆ, ದ್ರಾಕ್ಷಿ ತೋಟಗಳ ನಡುವೆ, ಸಿಕಮೋರ್ ಗ್ರೋವ್ ಪಾರ್ಕ್ ಇದೆ. 1880ರ ದಶಕದಲ್ಲಿ ಇಲ್ಲಿ ಒಲಿವಿನಾ ಎಂಬ ದೊಡ್ಡ ದ್ರಾಕ್ಷಿ ತೋಟ ಇತ್ತಂತೆ. ಅದರ ವೈನ್ ಕಟ್ಟಡದ ಮುರುಕು ಗೋಡೆಗಳು ಇನ್ನೂ ನಿಂತಿವೆ. ಪಾರ್ಕಿನ ಉದ್ದಕ್ಕೂ ಅರೋಯೊ ಡೆಲ್ ವ್ಯಾಲಿ ಎಂಬ ತೊರೆ. ಅರೋಯೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ತೊರೆ ಎಂದೇ ಅರ್ಥ. ಅದರ ಬದಿಯಲ್ಲಿ ಸುಮಾರು 4 ಕಿಲೋಮೀಟರ್ ಡಾಂಬರು ದಾರಿ. ಒಂದು ಗೇಟು ವೆಟ್‌ಮೋರ್ ರಸ್ತೆಗೆ, ಇನ್ನೊಂದು ಅರೋಯೊ ರಸ್ತೆಗೆ. ನಡುವೆ ಒಂದು ಕಾರೂ ಇಲ್ಲ. ಮಗ ಹೇಳಿದ್ದು ಸುಳ್ಳಲ್ಲ.

ನಾವು ಹೋದದ್ದು ಜೂನ್ ತಿಂಗಳಲ್ಲಿ. ಮಧ್ಯಾಹ್ನವಾದರೆ ಅಲ್ಲಿಯೂ ನಮ್ಮ ಗಲ್ಫ್ ನೆನಪಾಗುವಂಥ ಒಣ ಬಿಸಿಲು, ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣ. ಆದರೂ ತೊರೆಯಲ್ಲಿ ನೀರು ಹರಿಯುತ್ತಿತ್ತು. ಮೇಲ್ಗಡೆ 1968ರಲ್ಲಿ ಕಟ್ಟಿ ಮುಗಿಸಿದ ಡೆಲ್ ವ್ಯಾಲಿ ಅಣೆಕಟ್ಟಿದೆ. ಅಲ್ಲಿಂದ ಬಿಡುವ ನೀರು ತೊರೆಯಲ್ಲಿ ಹರಿದು, ಕೆಳಗಿನ ಕಣಿವೆಯ ನೆಲಕ್ಕೆ ಇಂಗಿ ಅಂತರ್ಜಲ ಸೇರುತ್ತದೆ. ನೀರು ಕುಡಿದು ಬೆಳೆದ ಸಿಕಮೋರ್ ಮರಗಳ ಬಿಳಿ ಕಾಂಡ, ಅಡಿಯಲ್ಲಿ ನೆರಳು. ಹಾವಿದೆ ಎಂಬ ಬೋರ್ಡು ನೋಡಿ ಮಾತ್ರ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದದ್ದು ನಿಜ.

ಕಲಿಸಿದವಳು ಸೊಸೆ. ಗಂಡಂದಿರು ಕಲಿಸಲು ಹೋದರೆ ಜಗಳವಾಗುತ್ತದೆ, ಅದು ಅವಳಿಗೂ ಗೊತ್ತಿತ್ತು. ಮೊದಲು ಸ್ಪ್ಯಾನರ್ ಹಾಕಿ ಪೆಡಲ್ ಎರಡನ್ನೂ ಬಿಚ್ಚಿಸಿದಳು. (ಎಡಗಡೆ ಪೆಡಲಿನ ತ್ರೆಡ್ ಉಲ್ಟಾ ಇರುತ್ತದೆ. ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಗಂಡ ಅದನ್ನು ಮರೆತು ಬಿಗಿ ಮಾಡುತ್ತಾ ಕುಳಿತದ್ದನ್ನು ಇಲ್ಲಿ ಬರೆಯಲೇಬೇಕೆಂದು ಹೆಂಡತಿಯ ಹಟ.) ಎರಡೂ ಪಾದ ನೆಲಕ್ಕೆ ಸರಿಯಾಗಿ ತಾಗುವಷ್ಟು ಸೀಟನ್ನು ಇಳಿಸಿದಳು. "ಅತ್ತೆ, ತುಳಿಯೋದು ಬೇಡ. ಕುಳಿತು ಕಾಲಲ್ಲಿ ನೆಲ ತಳ್ಳಿ, ಅಷ್ಟೇ. ಕಣ್ಣು ಮುಂದೆ." ಮಗನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಐವತ್ತು ದಾಟಿದ ಅತ್ತೆ ಮೂರು ಬೆಳಿಗ್ಗೆ ಹೀಗೆ ನೆಲ ತಳ್ಳಿದಳು. ನಾಲ್ಕನೆಯ ದಿನ ಪೆಡಲ್ ಹಾಕಿದೆವು. "ಹ್ವಾಯ್, ಕೈ ಬಿಡ್ಬೇಡಿ ಮಾರಾಯ್ರೆ!" ಎಂದು ಕೂಗುತ್ತಿದ್ದವಳಿಗೆ, ಕೈ ಬಿಟ್ಟು ಆಗಲೇ ಇಪ್ಪತ್ತು ಮಾರು ಆಗಿತ್ತೆಂದು ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಬಿದ್ದಳು. ಮೊಣಕೈ ತರಚಿತು. ಹಿಂದಿನಿಂದ ಏನೂ ಬರುತ್ತಿರಲಿಲ್ಲ. ಎದ್ದು ಕುಳಿತು ನಗಲು ಸಮಯವಿತ್ತು. ಇದೇ ಬೀಳುವಿಕೆ ರಸ್ತೆಯಲ್ಲಾಗಿದ್ದರೆ?

ಅಲ್ಲಿಯ ನಿಯಮವೂ ಕಲಿಯಬೇಕಾಯಿತು. ಬಲಗಡೆ ಹೋಗಬೇಕು. ದಾಟುವವರು ಬೆಲ್ ಹೊಡೆದು 'ಆನ್ ಯುವರ್ ಲೆಫ್ಟ್' ಎನ್ನುತ್ತಾರೆ, ಅಂದರೆ ನಿಮ್ಮ ಎಡಗಡೆಯಿಂದ ಬರುತ್ತಿದ್ದೇವೆ ಎಂದು. 'ಲೆಫ್ಟ್' ಕೇಳಿದ ಕೂಡಲೇ ನಾವು ಎಡಕ್ಕೆ ತಿರುಗಿ ಎರಡು ಸಲ ಡಿಕ್ಕಿಯ ಅಂಚಿಗೆ ಹೋದೆವು. ಬೈಸಿಕೊಳ್ಳಲಿಲ್ಲ, ಅವರೇ ಸಾರಿ ಹೇಳಿದರು. ಕುದುರೆ ಎದುರಾದರೆ ನಿಧಾನ ಮಾಡಿ ದಾರಿ ಬಿಡಬೇಕು.

ಕೊನೆಯ ವಾರ ಮಗ ನಮ್ಮನ್ನು ಇದೇ ನೀರು ಸಮುದ್ರ ಸೇರುವ ಕಡೆಗೆ ಕರೆದುಕೊಂಡು ಹೋದ. ಲಿವರ್‌ಮೋರ್ ಕಣಿವೆಯ ತೊರೆಗಳು ಕೂಡಿಕೊಂಡು ಅಲಮೇಡ ಕ್ರೀಕ್ ಸೇರಿ, ನೈಲ್ಸ್ ಎಂಬ ಕಮರಿಯಿಂದ ಹೊರಬಂದು, ಫ್ರೀಮಾಂಟ್ ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಬೀಳುತ್ತವೆ. (ಚಾರ್ಲಿ ಚಾಪ್ಲಿನ್ 1915ರಲ್ಲಿ ಚಿತ್ರ ತೆಗೆದ ನೈಲ್ಸ್ ಇದೇ.) ಅಲ್ಲಿಂದ ಕೊಲ್ಲಿಯವರೆಗೆ ಸುಮಾರು 19 ಕಿಲೋಮೀಟರ್ ದಂಡೆಯ ದಾರಿ, ದಕ್ಷಿಣ ದಂಡೆ ಡಾಂಬರು, ಉತ್ತರ ದಂಡೆ ಮಣ್ಣು. 1955ರ ಡಿಸೆಂಬರಿನ ನೆರೆಯಂಥ ಅನಾಹುತ ಮತ್ತೆ ಆಗಬಾರದೆಂದು ಹೊಳೆಗೆ ಎತ್ತರದ ಒಡ್ಡು ಕಟ್ಟಿದರು. ಒಡ್ಡನ್ನು ನೋಡಿಕೊಳ್ಳುವವರ ಗಾಡಿ ಹೋಗಲು ಮೇಲೊಂದು ದಾರಿ ಬೇಕು. ಉಳಿದ ಸಮಯ ಖಾಲಿ ಬಿದ್ದಿರುವ ಆ ದಾರಿಯನ್ನೇ ಜನರಿಗೆ ಬಿಟ್ಟುಕೊಟ್ಟಿದ್ದಾರೆ. ದೊಡ್ಡ ರಸ್ತೆ ಅಡ್ಡ ಬಂದಲ್ಲಿ ಸೈಕಲ್ ದಾರಿ ಸೇತುವೆಯ ಕೆಳಗೆ ನುಸುಳಿ ಆಚೆ ಏಳುತ್ತದೆ. ತಲೆಯ ಮೇಲೆ ಲಾರಿ, ಕೆಳಗೆ ನಾವು. ನಮಗೆ ದಕ್ಕಿದ ಗುಟ್ಟು ಇಷ್ಟು: ಹೊಳೆಯ ದಂಡೆಗೆ ಅಡ್ಡರಸ್ತೆಗಳು ಬಂದು ಕೂಡುವುದಿಲ್ಲ, ಅದಕ್ಕೇ ಅಲ್ಲಿ ನಿಶ್ಚಿಂತೆ. ನಾವು ಆ ದಿನ ಹೋಗುತ್ತಾ ಬರುತ್ತಾ 14 ಕಿಲೋಮೀಟರ್ ತುಳಿದೆವು, ಇಬ್ಬರೂ.

ಮರಳಿ ಬಂದ ಮೇಲೆ ಇಲ್ಲಿಯೂ ಹುಡುಕಿದೆವು. ಇಲ್ಲದೇ ಏನಿಲ್ಲ. ದುಬೈಯ ಅಲ್ ಖುದ್ರಾದಲ್ಲಿ ಮರುಭೂಮಿಯ ನಡುವೆ ಹತ್ತಾರು ಕಿಲೋಮೀಟರ್ ಸೈಕಲ್ ಟ್ರ್ಯಾಕ್, ಹತ್ತಿರದಲ್ಲೇ ಕೆರೆಗಳು, ಬಾಡಿಗೆಗೆ ಸೈಕಲ್ ಕೂಡ. ಅಬುಧಾಬಿ ಕಾರ್ನಿಶ್‌ನಲ್ಲಿ ಸಮುದ್ರದ ಬದಿಗೆ ಪ್ರತ್ಯೇಕ ದಾರಿ. ಕತಾರಿನ ಗೆಳೆಯರು ತಮ್ಮ ಸುಮಾರು 33 ಕಿಲೋಮೀಟರ್ ಒಲಿಂಪಿಕ್ ಟ್ರ್ಯಾಕ್ ಬಗ್ಗೆ ಹೆಮ್ಮೆಯಿಂದ ಹೇಳುತ್ತಾರೆ, 2020ರಲ್ಲಿ ಅದಕ್ಕೆ ಗಿನ್ನೆಸ್ ದಾಖಲೆಯೂ ಸಿಕ್ಕಿತು. ನವೆಂಬರಿನಿಂದ ಮಾರ್ಚ್‌ವರೆಗೆ ಹವೆಯೂ ಚೆನ್ನ. ಒಂದು ಮಾತು ಹೇಳದೆ ಇರಲಾಗದು. ಅಲ್ ಖುದ್ರಾದಂಥ ಜಾಗಕ್ಕೆ ಹೋಗಲು ಕಾರು ಬೇಕು. ದಿನವೂ ಸೈಕಲ್ಲನ್ನೇ ನೆಚ್ಚಿಕೊಂಡ ನಮ್ಮ ಹುಡುಗರು ಇನ್ನೂ ಕತ್ತಲಲ್ಲಿ ಹೈವೇ ಅಂಚಿನಲ್ಲೇ ತುಳಿಯುತ್ತಿದ್ದಾರೆ. ಸಂಘದವರು ಪಿಕ್‌ನಿಕ್‌ಗೆ ಬಸ್ ಮಾಡುವಾಗ ಒಂದು ಸಲ ಅವರನ್ನೂ ಕೂರಿಸಿಕೊಂಡು ಟ್ರ್ಯಾಕ್ ಕಡೆ ಹೋಗಬಹುದಲ್ಲ? ಹೋಗುವಾಗ ಹಿಂದಿನ ಕೆಂಪು ದೀಪ ಇಲ್ಲದವರಿಗೆ ಒಂದೊಂದು ದೀಪ ಕೊಡಿಸಿದರೆ ಇನ್ನೂ ಒಳ್ಳೆಯದು.

ಊರಿನ ಹೆದ್ದಾರಿ 66ರಲ್ಲಿ ಸೈಕಲ್ ಹತ್ತುವ ಧೈರ್ಯ ನಮಗಿಲ್ಲ. ಆದರೆ ಕೋಡಿಬೆಂಗ್ರೆ ಇದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸ್ವರ್ಣಾ ನದಿ, ನಡುವೆ ಅಗಲ ಕಿರಿದಾದ ನೆಲ. ಬೆಳಿಗ್ಗೆ ಬೇಗ ಹೋದರೆ ವಾಹನವೂ ಕಡಿಮೆ. ಮೊನ್ನೆ ಹೆಂಡತಿ ಅಣ್ಣನಿಗೆ ಫೋನ್ ಮಾಡಿ, ರಜೆಗೆ ಬರುವುದರೊಳಗೆ ಒಂದು ಸೈಕಲ್ ನೋಡಿ ಇಡು ಎಂದಳು.

"ಯಾರಿಗೆ, ಭಾವನಿಗಾ?" ಎಂದ.

"ಅಲ್ಲ, ನಂಗೆ. ನಡುವೆ ಬಾರ್ ಇಲ್ಲದ್ದು ನೋಡು."